ಉಗಾಂಡಾದ ಎಲ್ಗಾನ್ ಬೆಟ್ಟದ ಸಣ್ಣ ಕಾಫಿ ಬೆಳೆಗಾರರ ಜೊತೆ ಸ್ವಯಂಸೇವೆ: ಹೋಗಬೇಕಾ? ಹೋದರೆ ಯಾವ ಕೆಲಸಕ್ಕೆ?

ಹಾದಿಹೋಕ

ಎಲ್ಲರಿಗೂ ನಮಸ್ಕಾರ. ಉಗಾಂಡಾದ ಪೂರ್ವದಲ್ಲಿ, ಕೀನ್ಯಾ ಗಡಿಯ ಹತ್ತಿರ ಎಲ್ಗಾನ್ ಬೆಟ್ಟವಿದೆ. ಅಲ್ಲಿ ಎಂಬಾಲೆ ಪಟ್ಟಣದಿಂದ ಮೇಲಕ್ಕೆ, ಸಣ್ಣ ಕಾಫಿ ಬೆಳೆಗಾರರ ಒಂದು ಸಹಕಾರ ಸಂಘದ ಜೊತೆ ಕೆಲವು ತಿಂಗಳು ಸ್ವಯಂಸೇವಕನಾಗಿ ಇರುವ ಅವಕಾಶ ಬಂದಿದೆ. ನಡುವೆ ಒಂದು ಏಜೆನ್ಸಿ ಇದೆ. ಅವರು ಕಳಿಸಿದ ಪತ್ರದಲ್ಲಿ ಮಾಡಬೇಕಾದ ಕೆಲಸ ಹೀಗಿದೆ: ರೈತರಿಗೆ ಆಧುನಿಕ ಬೇಸಾಯ ಕಲಿಸುವುದು, ಸಸಿ ನೆಡುವುದು, ಶಾಲೆಯ ಗೋಡೆಗೆ ಬಣ್ಣ ಹೊಡೆಯುವುದು. ಏಜೆನ್ಸಿ ಕೇಳುವ ಶುಲ್ಕ ವಿಮಾನದ ಟಿಕೆಟ್‌ಗಿಂತ ಜಾಸ್ತಿ.

ನಾನು ರೈತನಲ್ಲ. ನಕ್ಷೆ ಮಾಡುವುದು, ಡೇಟಾ ಜೋಡಿಸುವುದು ನನ್ನ ಕೆಲಸ. ಹೋಗುವ ಆಸೆ ತುಂಬಾ ಇದೆ. ಆದರೆ ಅಲ್ಲಿಯವರಿಗೆ ಹೊರೆಯಾಗಬಾರದು. ಅಲ್ಲಿ ಅಥವಾ ಅಂಥ ಕಡೆ ಕೆಲಸ ಮಾಡಿದವರು ದಯವಿಟ್ಟು ಬಿಡಿಸಿ ಹೇಳಿ. ನನ್ನಂಥವನಿಂದ ಅಲ್ಲಿ ಏನಾದರೂ ಉಪಯೋಗ ಇದೆಯಾ?

ಕೆಂಪುಹಣ್ಣು

ಹಾದಿಹೋಕ ಅವರೇ, ಹೋಗಿ. ಆದರೆ ಆ ಪತ್ರದಲ್ಲಿರುವ ಕೆಲಸಕ್ಕೆ ಹೋಗಬೇಡಿ.

ನಾನು ಅದೇ ಬೆಟ್ಟದ ಉತ್ತರದ ಮಗ್ಗುಲಲ್ಲಿ, ಕಪ್ಚೊರ್ವಾ ಕಡೆ, ಒಂದು ಕಾಫಿ ಕುಯ್ಲು ಮುಗಿಯುವವರೆಗೂ ಇದ್ದೆ. ಮೊದಲು ಅಲ್ಲಿನ ತೋಟ ಹೇಗಿರುತ್ತದೆ ಅಂತ ಹೇಳುತ್ತೇನೆ. ನಾನು ಓಡಾಡಿದ ಊರುಗಳಲ್ಲಿ ಒಂದು ಎಕರೆಗಿಂತ ಕಡಿಮೆ ಜಾಗದವರೇ ಜಾಸ್ತಿ. ಅಷ್ಟರಲ್ಲೇ ಅರೇಬಿಕಾ ಕಾಫಿ, ಅದಕ್ಕೆ ನೆರಳಾಗಿ ಬಾಳೆ, ಗಿಡಗಳ ನಡುವೆ ಬೀನ್ಸ್, ಬದುವಿನ ಮೇಲೆ ನೇಪಿಯರ್ ಹುಲ್ಲು, ಮನೆ ಹಿಂದೆ ಕಟ್ಟಿದ ಒಂದು ಹಸು. ಹುಲ್ಲು ಹಸುವಿಗೆ, ಹಸುವಿನ ಗೊಬ್ಬರ ಬಾಳೆ ಬುಡಕ್ಕೆ. ಬಾಳೆಯಿಂದ ಊಟ ನಡೆಯುತ್ತದೆ, ಕಾಫಿಯಿಂದ ಕೈಗೆ ಕಾಸು ಬರುತ್ತದೆ. ಒಂದನ್ನು ಕದಲಿಸಿದರೆ ಉಳಿದವೆಲ್ಲ ಕದಲುತ್ತವೆ. ಇಷ್ಟು ಕಡಿಮೆ ಜಾಗದಲ್ಲಿ ಇಷ್ಟನ್ನು ಸಂಭಾಳಿಸುವವರಿಗೆ ಹೊರಗಿನಿಂದ ಬಂದವರು ಬೇಸಾಯ ಕಲಿಸುವುದಕ್ಕೆ ಏನೂ ಇಲ್ಲ ಅಂತಲ್ಲ. ಆದರೆ ಅಲ್ಲಿಗೆ ಹೋದ ಮೊದಲ ವಾರದಲ್ಲೇ ಕಲಿಸುವಂಥದ್ದು ಏನೂ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಅಲ್ಲಿಗೆ ಬರುವ ಪ್ರತಿ ಹೊರಗಿನವರೂ ಹೇಳುವ ಮಾತು ಒಂದೇ: ‘ಕೆಂಪು ಹಣ್ಣು ಮಾತ್ರ ಬಿಡಿಸಿ, ಹಸಿರು ಕಾಯಿ ಬೇಡ.’ ಮಾತೇನೋ ಸರಿ. ಕೆಂಪು ಹಣ್ಣನ್ನು ನೀರಿಗೆ ಹಾಕಿ, ತೇಲಿದ್ದನ್ನು ತೆಗೆದು, ಅದೇ ದಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿ, ಲೋಳೆ ಬಿಡಲು ರಾತ್ರಿಯಿಡೀ ಇಟ್ಟು, ತೊಳೆದು, ತೇವ ಶೇಕಡಾ 12ರ ಹತ್ತಿರ ಬರುವ ತನಕ ಒಣಗಿಸಿದರೆ ಒಳ್ಳೆ ಪಾರ್ಚ್‌ಮೆಂಟ್, ಅಂದರೆ ತೆಳು ಹೊಟ್ಟಿನ ಸಮೇತ ಒಣಗಿದ ಬೀಜ ಸಿಗುತ್ತದೆ, ಬೆಲೆಯೂ ಜಾಸ್ತಿ. ಇದು ಅಲ್ಲಿನ ಹತ್ತು ವರ್ಷದ ಮಗುವಿಗೂ ಗೊತ್ತು. ಮತ್ತೆ ಹಸಿರು ಕಾಯಿ ಯಾಕೆ ಬಿಡಿಸುತ್ತಾರೆ?

ಶಾಲೆಯ ಮೂರನೇ ಅವಧಿ ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗೆ. ಶುಲ್ಕ ಕಟ್ಟದಿದ್ದರೆ ಮಗು ಮನೆಗೆ ವಾಪಸ್. ಆಗ ಕಾಫಿ ಇನ್ನೂ ಅರ್ಧ ಹಸಿರು. ಇನ್ನೊಂದು ಕಾರಣ ಕಳ್ಳರು. ಪಕ್ಕದ ತೋಟದಲ್ಲಿ ರಾತ್ರಿ ಕಳ್ಳತನ ಆಯಿತು ಅಂತ ಸುದ್ದಿ ಬಂದರೆ ಬೆಳಿಗ್ಗೆ ಎಲ್ಲರೂ ಸಿಕ್ಕಿದ್ದನ್ನು ಬಿಡಿಸಿ ಒಳಗೆ ಹಾಕುತ್ತಾರೆ. ಮೂರನೆಯದು ವ್ಯಾಪಾರಿಗಳು. ಗಿಡ ಹೂ ಬಿಟ್ಟಾಗಲೇ ಬಂದು, ಬರುವ ಫಸಲಿಗೆ ಕಡಿಮೆ ರೇಟು ಕಟ್ಟಿ, ಕೈಗೆ ದುಡ್ಡು ಇಟ್ಟು ಹೋಗುವವರಿದ್ದಾರೆ. ಮನೆಯಲ್ಲಿ ಕಾಯಿಲೆ ಇದ್ದರೆ ಆ ದುಡ್ಡನ್ನು ಬೇಡ ಅನ್ನುವುದು ಹೇಗೆ?

ನಾನಿದ್ದ ಸಂಘ ಇದಕ್ಕೆ ತಾನೇ ದಾರಿ ಹುಡುಕಿತ್ತು. ಶುಲ್ಕದ ಹೊತ್ತಿಗೆ ಸದಸ್ಯರಿಗೆ ಸ್ವಲ್ಪ ಮುಂಗಡ ಕೊಡುವುದು, ಪಾರ್ಚ್‌ಮೆಂಟ್ ತಂದಾಗ ಮುರಿದುಕೊಳ್ಳುವುದು. ಕೊರತೆ ಇದ್ದದ್ದು ಲೆಕ್ಕ ಇಡುವವರದ್ದು. ಯಾರಿಗೆ ಎಷ್ಟು ಕೊಟ್ಟಿದೆ, ಎಷ್ಟು ವಾಪಸ್ ಬಂತು, ಯಾರ ಚೀಲ ಎಷ್ಟು ತೂಗಿತು. ಎಲ್ಲವೂ ಮೂರು ನೋಟ್‌ಬುಕ್‌ಗಳಲ್ಲಿ ಚದುರಿ ಹೋಗಿತ್ತು. ನಾನು ಮಾಡಿದ್ದು ಅದನ್ನು ಒಂದು ಕಡೆ ತಂದು, ಸಂಘದ ಗುಮಾಸ್ತೆ ಹುಡುಗಿಯ ಜೊತೆ ಕೂತು, ನಾನಿಲ್ಲದೆಯೂ ಅವಳೇ ನಡೆಸುವ ಹಾಗೆ ಮಾಡಿದ್ದು. ಹೊಲದಲ್ಲಿ ನನ್ನ ಫೋಟೋ ಒಂದೂ ಇಲ್ಲ. ಆದರೆ ಆ ಲೆಕ್ಕ ಈಗಲೂ ನಡೆಯುತ್ತಿದೆ.

ಹಾಗಾಗಿ ಏಜೆನ್ಸಿಯನ್ನು ಬದಿಗಿಟ್ಟು ನೇರವಾಗಿ ಸಂಘದ ಮ್ಯಾನೇಜರ್‌ಗೆ ಬರೆಯಿರಿ. ‘ನಿಮ್ಮಲ್ಲಿ ಯಾವ ಕೆಲಸ ನಿಂತು ಹೋಗಿದೆ?’ ಅಂತ ಕೇಳಿ.

ಲೆಕ್ಕದಪುಸ್ತಕ

ನಾನು ಒಪ್ಪುವುದಿಲ್ಲ. ಕೆಂಪುಹಣ್ಣು ಅವರ ಕೆಲಸ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕೆಲಸಕ್ಕೆ ಎಂಬಾಲೆಯಲ್ಲಿ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಎಷ್ಟು ಜನ ಇರಲಿಕ್ಕಿಲ್ಲ? ಉಗಾಂಡಾದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇಪ್ಪತ್ತು ವರ್ಷದೊಳಗಿನವರು. ವಿಮಾನದ ಟಿಕೆಟ್, ವಿಮೆ, ಲಸಿಕೆ, ಏಜೆನ್ಸಿ ಶುಲ್ಕ ಎಲ್ಲ ಸೇರಿಸಿದರೆ ಆ ದುಡ್ಡಿನಲ್ಲಿ ಅಲ್ಲಿಯವರೇ ಒಬ್ಬರಿಗೆ ಎಷ್ಟೋ ತಿಂಗಳ ಸಂಬಳ ಆಗುತ್ತದೆ. ಅವರಿಗೆ ಭಾಷೆ ಗೊತ್ತು, ದಾರಿ ಗೊತ್ತು, ಕುಯ್ಲು ಮುಗಿದ ಮೇಲೂ ಅಲ್ಲೇ ಇರುತ್ತಾರೆ.

ಮೊಬೈಲ್ ಮನಿ 2009ರಿಂದ ಅಲ್ಲಿ ಚಾಲ್ತಿಯಲ್ಲಿದೆ. ದುಡ್ಡು ಕಳಿಸುವುದು ಈಗ ಕಷ್ಟವೇ ಅಲ್ಲ. ಸರ್ಕಾರವೂ 2022ರಲ್ಲಿ ಪ್ಯಾರಿಷ್ ಅಭಿವೃದ್ಧಿ ಯೋಜನೆ ಶುರು ಮಾಡಿದೆ. ಪ್ಯಾರಿಷ್ ಅಂದರೆ ಅಲ್ಲಿ ಕೆಲವು ಹಳ್ಳಿ ಸೇರಿದ ಆಡಳಿತ ಘಟಕ. ಪ್ಯಾರಿಷ್ ಮಟ್ಟದ ಉಳಿತಾಯ ಸಂಘಗಳ ಮೂಲಕ ಒಂದು ಮನೆಗೆ 10 ಲಕ್ಷ ಉಗಾಂಡಾ ಶಿಲ್ಲಿಂಗ್ ತನಕ ಸಾಲ ಕೊಡುತ್ತಾರೆ. ಅಂದರೆ ದಾರಿಗಳು ಅಲ್ಲೇ ಇವೆ. ನಾವು ಹೋಗಿ ನಿಲ್ಲುವುದರಿಂದ ಏನು ಸೇರುತ್ತದೆ? ಇದು ಹಾದಿಹೋಕ ಅವರನ್ನು ನೋಯಿಸಲು ಬರೆದದ್ದಲ್ಲ. ಈ ಪ್ರಶ್ನೆಗೆ ಉತ್ತರ ಸಿಕ್ಕದೆ ಹೊರಡಬೇಡಿ ಅನ್ನುವುದಷ್ಟೇ ನನ್ನ ಮಾತು.

ಕೆಂಪುಹಣ್ಣು

ಲೆಕ್ಕದಪುಸ್ತಕ ಅವರ ಪ್ರಶ್ನೆ ನ್ಯಾಯವಾದದ್ದು. ಏಜೆನ್ಸಿ ಶುಲ್ಕದ ವಿಷಯದಲ್ಲಿ ನಾನೂ ಅವರ ಕಡೆಗೇ. ಆ ದುಡ್ಡಿನಲ್ಲಿ ಸಂಘಕ್ಕೆ ಎಷ್ಟು ಹೋಗುತ್ತದೆ ಅಂತ ಕೇಳಿ. ಬರವಣಿಗೆಯಲ್ಲಿ ಉತ್ತರ ಕೊಡದಿದ್ದರೆ ಆ ಏಜೆನ್ಸಿ ಬೇಡ.

ಆದರೆ ಒಂದು ವಿಷಯ. ಕೆಲವು ಕೆಲಸಗಳಲ್ಲಿ ಹೊರಗಿನವರಾಗಿರುವುದೇ ಉಪಯೋಗಕ್ಕೆ ಬರುತ್ತದೆ. ನಾನು ಯಾವ ಮನೆತನಕ್ಕೂ ಸೇರಿದವನಲ್ಲ, ಸಂಘದ ಚುನಾವಣೆಯಲ್ಲಿ ನನಗೆ ಮತ ಇಲ್ಲ, ನನಗೆ ಅಲ್ಲಿ ಸಾಲವಿಲ್ಲ, ಕಾಫಿ ಇಲ್ಲ. ತೂಕದ ಪುಸ್ತಕ ನನ್ನ ಮುಂದೆ ತೆರೆದಾಗ ಯಾರೂ ಅನುಮಾನ ಪಡಲಿಲ್ಲ. ಹಾಗಂತ ಅದು ಶಾಶ್ವತವಾಗಿ ಹೊರಗಿನವರ ಕೆಲಸ ಆಗಬಾರದು. ಅದಕ್ಕೇ ಗುಮಾಸ್ತೆಯ ಜೊತೆ ಕೂತದ್ದು. ಅಲ್ಲಿಯವರೊಬ್ಬರು ಜೊತೆಗಿಲ್ಲದ ಕೆಲಸವನ್ನು ಸ್ವಯಂಸೇವಕರು ಮುಟ್ಟಲೇಬಾರದು. ಈ ಒಂದು ಕಟ್ಟಳೆ ಇಟ್ಟುಕೊಂಡರೆ ನೀವು ಹೇಳಿದ ಅರ್ಧ ತೊಂದರೆ ತಪ್ಪುತ್ತದೆ.

ಬಾಳೆಕಂದು

ಸಸ್ಯರೋಗ ನನ್ನ ವಿಷಯ, ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿದ್ದೇನೆ. ಹಾದಿಹೋಕ ಅವರಿಗೆ ಒಂದು ಎಚ್ಚರಿಕೆ. ನೀವು ಕಾಫಿ ಕೆಲಸಕ್ಕೆ ಹೋದರೂ ನಡೆದಾಡುವುದು ಬಾಳೆ ತೋಟದಲ್ಲೇ.

ಉಗಾಂಡಾದಲ್ಲಿ 2001ರಲ್ಲಿ, ಮುಕೊನೊ ಕಡೆ, ಬಾಳೆಗೆ ಒಂದು ಬ್ಯಾಕ್ಟೀರಿಯಾ ಸೊರಗು ರೋಗ ಕಾಣಿಸಿಕೊಂಡಿತು. ಕ್ಸಾಂಥೊಮೊನಾಸ್ ಅಂತ ಅದರ ಹೆಸರು. ಕೆಲವೇ ವರ್ಷಗಳಲ್ಲಿ ದೇಶದ ತುಂಬಾ ಹರಡಿತು. ಅಲ್ಲಿಯ ಜನರಿಗೆ ಬಾಳೆ ಅಂದರೆ ದಿನದ ಊಟ, ಮಟೋಕೆ. ರೋಗ ಬಂದ ಗಿಡದ ಎಲೆ ಹಳದಿಯಾಗಿ ಜೋತು ಬೀಳುತ್ತದೆ. ಕಾಯಿ ಬಲಿಯುವ ಮೊದಲೇ ಹಣ್ಣಾಗುತ್ತದೆ. ಕಾಯಿ ಕತ್ತರಿಸಿದರೆ ಒಳಗೆ ತುಕ್ಕಿನ ಬಣ್ಣದ ಕಲೆ. ದಿಂಡನ್ನು ಅಡ್ಡಕ್ಕೆ ಕಡಿದು ಸ್ವಲ್ಪ ಹೊತ್ತು ಕಾದರೆ ಕಡಿದ ಜಾಗದಲ್ಲಿ ಹಳದಿ ಕೀವಿನಂಥ ರಸ ಚುಕ್ಕೆ ಚುಕ್ಕೆಯಾಗಿ ಏಳುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಇದು ಹರಡುವ ಮುಖ್ಯ ದಾರಿ ಎರಡು. ಗೊನೆಯ ತುದಿಯ ಹೂವಿಗೆ ಬರುವ ಕೀಟಗಳು ಒಂದು. ಇನ್ನೊಂದು ಮನುಷ್ಯರ ಕತ್ತಿ. ಎಲೆ ಕೊಯ್ಯಲು, ಕಂದು ಕೀಳಲು, ಗೊನೆ ಕಡಿಯಲು ಒಂದೇ ಕತ್ತಿ ತೋಟದಿಂದ ತೋಟಕ್ಕೆ ಹೋದರೆ ರೋಗವೂ ಅದರ ಜೊತೆ ಹೋಗುತ್ತದೆ. ಪರಿಹಾರ ಸರಳ. ಕೊನೆಯ ಚಿಪ್ಪು ಮೂಡಿದ ತಕ್ಷಣ ಹೂವನ್ನು ಕವಲುಕೋಲಿನಿಂದ ತಿರುಚಿ ಮುರಿಯಬೇಕು, ಕತ್ತಿ ಹಚ್ಚಬಾರದು. ಕತ್ತಿಯನ್ನು ಪ್ರತಿ ಸಲ ಬೆಂಕಿಯಲ್ಲಿ ಕಾಯಿಸಬೇಕು ಅಥವಾ ಬ್ಲೀಚ್ ನೀರಿನಲ್ಲಿ ಅದ್ದಬೇಕು. ರೋಗ ಬಂದ ಗಿಡವನ್ನು ಮಾತ್ರ ನೆಲಮಟ್ಟಕ್ಕೆ ಕಡಿದರೆ ಸಾಕು. ಮೊದಲು ಇಡೀ ಬುಡವನ್ನೇ ಅಗೆದು ತೆಗೆಯಿರಿ ಅನ್ನುತ್ತಿದ್ದರು. ಹೆಂಗಸರು ಒಬ್ಬರೇ ಇರುವ ಮನೆಗಳಲ್ಲಿ ಅಷ್ಟು ದುಡಿಮೆ ಆಗದೆ ಸುಮ್ನೆ ಬಿಟ್ಟುಬಿಡುತ್ತಿದ್ದರು. ಒಂದೊಂದೇ ಗಿಡ ಕಡಿಯುವ ಪದ್ಧತಿ ಬಂದ ಮೇಲೆ ಕೆಲಸ ಕೈಗೆ ಎಟುಕಿತು. ಪದೇ ಪದೇ ಮಾಡುತ್ತಿರಬೇಕು, ಅಷ್ಟೇ.

ಈಗ ಸ್ವಯಂಸೇವಕರ ಗುಂಪೊಂದು ದಿನಕ್ಕೆ ಐದಾರು ತೋಟ ಸುತ್ತಿ, ‘ಸಹಾಯ ಮಾಡೋಣ’ ಅಂತ ಕತ್ತಿ ಹಿಡಿದರೆ ಏನಾಗುತ್ತದೆ ಯೋಚಿಸಿ. ಬೇರೆಯವರ ಬಾಳೆಗೆ ಕತ್ತಿ ಹಾಕಬೇಡಿ. ಹಾಕಲೇಬೇಕಾದರೆ ಆ ಮನೆಯ ಕತ್ತಿಯನ್ನೇ ಬಳಸಿ, ಮೊದಲೂ ನಂತರವೂ ಕಾಯಿಸಿ.

ಇನ್ನೊಂದು ಮಾತು, ಇದು ಕಡ್ಡಾಯ ಅಂತಲೇ ತಿಳಿಯಿರಿ. ಊರಿನಿಂದ ಬೀಜ, ಕಂದು, ಸಸಿ ಏನೂ ಒಯ್ಯಬೇಡಿ. ಪ್ರೀತಿಯಿಂದ ಒಯ್ದರೂ ಬೇಡ. ಹೊಲದಲ್ಲಿ ಹಾಕಿದ್ದ ಹಳೇ ಬೂಟನ್ನೂ ಒಯ್ಯಬೇಡಿ. ಬಾಳೆಯ ಪನಾಮಾ ರೋಗದ ಟಿಆರ್4 ತಳಿ ಮಣ್ಣಿನಲ್ಲೇ ಎಷ್ಟೋ ವರ್ಷ ಬದುಕುತ್ತದೆ. ಆಫ್ರಿಕಾ ಖಂಡದಲ್ಲಿ ಅದು ಮೊದಲು ಪತ್ತೆಯಾದದ್ದು 2013ರಲ್ಲಿ, ಮೊಜಾಂಬಿಕ್‌ನ ಒಂದು ತೋಟದಲ್ಲಿ. ಅಂಗಾಲಿಗೆ ಅಂಟಿದ ಚೂರು ಮಣ್ಣು ಸಾಕು. ಹೊಸ ಬೂಟು ತೆಗೆದುಕೊಳ್ಳಿ.

ಹಾದಿಹೋಕ

ಬಾಳೆಕಂದು ಸರ್, ತುಂಬಾ ಥ್ಯಾಂಕ್ಸ್. ಏಜೆನ್ಸಿಯವರ ಪಟ್ಟಿಯಲ್ಲಿ ‘ಸ್ವಂತ ಕತ್ತಿ, ಕೈಗವಸು ತನ್ನಿ’ ಅಂತ ಇತ್ತು! ಅದನ್ನು ತೆಗೆದು ಹಾಕಿದೆ.

ಲೆಕ್ಕದಪುಸ್ತಕ ಅವರ ಪ್ರಶ್ನೆ ಮನಸ್ಸಿನಲ್ಲಿ ಕೂತಿದೆ. ಅಲ್ಲೇ ಇರುವ ಸಂಶೋಧಕರು, ರೈತರಿಗೆ ಸಲಹೆ ಕೊಡುವ ಸರ್ಕಾರದ ವಿಸ್ತರಣಾ ಅಧಿಕಾರಿಗಳು ಇದನ್ನೆಲ್ಲ ನೋಡಿಕೊಳ್ಳುವುದಿಲ್ವಾ?

ಬಾಳೆಕಂದು

ನೋಡಿಕೊಳ್ಳುತ್ತಾರೆ, ಚೆನ್ನಾಗಿಯೇ. ಕಂಪಾಲಾ ಹತ್ತಿರ ಕವಾಂಡಾದಲ್ಲಿ ರಾಷ್ಟ್ರೀಯ ಕೃಷಿ ಸಂಶೋಧನಾ ಪ್ರಯೋಗಾಲಯ ಇದೆ. ಮೇಲೆ ಹೇಳಿದ ಬಾಳೆ ರೋಗದ ಮೇಲೆ ಬಹಳ ಕೆಲಸ ನಡೆದದ್ದು ಅಲ್ಲೇ. ಮಕೆರೆರೆ ವಿಶ್ವವಿದ್ಯಾಲಯ ಇದೆ. ಪಕ್ಕದ ನೈರೋಬಿಯಲ್ಲಿ ಥಾಮಸ್ ಒಡಿಯಾಂಬೊ 1970ರಲ್ಲಿ ಕಟ್ಟಿದ ಇಸಿಪೆ ಕೀಟ ಸಂಶೋಧನಾ ಕೇಂದ್ರ ಇದೆ. ಭಾರತದಲ್ಲಿ ಹುಟ್ಟಿದ ವಿಜ್ಞಾನಿ ಜಿಯಾವುರ್ ಖಾನ್ ಮತ್ತು ಜೊತೆಗಾರರು ‘ಪುಷ್-ಪುಲ್’ ಪದ್ಧತಿ ರೂಪಿಸಿದ್ದು ಅಲ್ಲಿ. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಅನ್ನುವ ದ್ವಿದಳ ಗಿಡ ಹಾಕುತ್ತಾರೆ, ಹೊಲದ ಸುತ್ತ ನೇಪಿಯರ್ ಹುಲ್ಲು. ಡೆಸ್ಮೋಡಿಯಂ ವಾಸನೆಗೆ ಕಾಂಡ ಕೊರೆಯುವ ಹುಳುವಿನ ಪತಂಗ ದೂರ ಹೋಗುತ್ತದೆ, ಹುಲ್ಲು ಅದನ್ನು ತನ್ನ ಕಡೆಗೆ ಎಳೆಯುತ್ತದೆ. ಡೆಸ್ಮೋಡಿಯಂ ಬೇರು ಸ್ಟ್ರೈಗಾ ಕಳೆಯನ್ನೂ ತಡೆಯುತ್ತದೆ. ಹುಲ್ಲು, ಡೆಸ್ಮೋಡಿಯಂ ಎರಡೂ ಹಸುವಿಗೆ ಮೇವು. ಪೂರ್ವ ಉಗಾಂಡಾದ ತಗ್ಗು ಪ್ರದೇಶಗಳಲ್ಲೂ ರೈತರು ಇದನ್ನು ಮಾಡುತ್ತಿದ್ದಾರೆ.

ಅಂದರೆ ತಿಳುವಳಿಕೆಗೆ ಕೊರತೆ ಇಲ್ಲ. ಕೊರತೆ ಇರುವುದು ಓಡಾಟಕ್ಕೆ. ಒಬ್ಬ ವಿಸ್ತರಣಾ ಅಧಿಕಾರಿಗೆ ಸಾವಿರಾರು ಮನೆ, ಬೈಕಿಗೆ ಪೆಟ್ರೋಲ್ ದುಡ್ಡು ಸರಿಯಾಗಿ ಬರುವುದಿಲ್ಲ, ಮಳೆಗಾಲದಲ್ಲಿ ರಸ್ತೆ ಇರುವುದಿಲ್ಲ. ಜ್ಞಾನ ಮನೆ ಬಾಗಿಲಿಗೆ ಮುಟ್ಟುವ ಕೊನೆಯ ಆ ಮೈಲಿಯಲ್ಲಿ ಏನು ಸಹಾಯ ಆಗಬಹುದು ಅಂತ ಯೋಚಿಸಿ.

ನರ್ಸಕ್ಕ

ನಾನು ಆರೋಗ್ಯದ ವಿಷಯ ಮಾತ್ರ ಹೇಳಿ ಹೋಗುತ್ತೇನೆ ತಮ್ಮಾ. ಇದರಲ್ಲಿ ಉದಾಸೀನ ಮಾಡಿದರೆ ಕೊನೆಗೆ ಆ ಊರಿನವರೇ ನಿನ್ನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಬೇಕು.

ಹಳದಿ ಜ್ವರದ ಲಸಿಕೆ ಇಲ್ಲದೆ ಉಗಾಂಡಾಕ್ಕೆ ಪ್ರವೇಶ ಇಲ್ಲ. ಲಸಿಕೆ ಹಾಕಿಸಿ 10 ದಿನ ಆದ ಮೇಲೆ ಸರ್ಟಿಫಿಕೇಟ್ ಜಾರಿಗೆ ಬರುತ್ತದೆ, ಹಾಗಾಗಿ ಕೊನೆ ಗಳಿಗೆಗೆ ಬಿಡಬೇಡ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ವಾಪಸ್ ಬರುವಾಗಲೂ ಕೇಳುತ್ತಾರೆ, ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊ.

ಮಲೇರಿಯಾ ಮಾತ್ರೆ ಯಾವುದು ಬೇಕು ಅಂತ ವೈದ್ಯರು ಹೇಳುತ್ತಾರೆ. ಡಾಕ್ಸಿಸೈಕ್ಲಿನ್ ಆದರೆ ವಾಪಸ್ ಬಂದ ಮೇಲೂ 4 ವಾರ ತೆಗೆದುಕೊಳ್ಳಬೇಕು, ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ 7 ದಿನ. ಊರಿಗೆ ಬಂದೆ, ಆಯಿತು ಅಂತ ನಿಲ್ಲಿಸುವವರೇ ಜಾಸ್ತಿ. ಬೆಟ್ಟದ ಮೇಲೆ ಸೊಳ್ಳೆ ಕಡಿಮೆ ಅಂತ ಯಾರಾದರೂ ಹೇಳಿದರೂ ಪರದೆ ಬಿಡಬೇಡ. ಕೆಲಸಕ್ಕೆ ಅಂತ ಎಂಬಾಲೆಗೆ, ಕಂಪಾಲಾಕ್ಕೆ ಇಳಿಯುತ್ತಲೇ ಇರುತ್ತೀಯ ಅಲ್ವಾ? ವಾಪಸ್ ಬಂದ ಮೇಲೆ ಯಾವಾಗ ಜ್ವರ ಬಂದರೂ ಮೊದಲು ಹೇಳಬೇಕಾದ ಮಾತು, ಉಗಾಂಡಾದಲ್ಲಿದ್ದೆ ಅನ್ನುವುದು.

ರೇಬಿಸ್ ಲಸಿಕೆ ಮುಂಚೆಯೇ ಹಾಕಿಸು. ಹಳ್ಳಿಯಿಂದ ಆಸ್ಪತ್ರೆ ದೂರ. ನಾಯಿ ಕಚ್ಚಿದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಹೊರಡಬೇಕು, ಲಸಿಕೆ ಮುಂಚೆ ಆಗಿದ್ದರೂ ಸರಿ. ಬರಿಗಾಲಲ್ಲಿ ನಡೆಯಬೇಡ. ವಿಕ್ಟೋರಿಯಾ ಸರೋವರದಲ್ಲಿ ಈಜಬೇಡ, ಅಲ್ಲಿ ಬಸವನಹುಳುವಿನಿಂದ ಹರಡುವ ಪರಾವಲಂಬಿ ಹುಳು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಬೋಡಾ ಬೋಡಾ, ಅಂದರೆ ಬಾಡಿಗೆ ಬೈಕ್ ಹತ್ತುವಾಗ ನಿನ್ನದೇ ಹೆಲ್ಮೆಟ್ ಇರಲಿ. ಸ್ವಯಂಸೇವಕರು ಮಲೇರಿಯಾಕ್ಕೆ ಹೆದರುತ್ತಾರೆ, ಬೈಕಿಗೆ ಹೆದರುವುದಿಲ್ಲ. ನನಗೆ ಜಾಸ್ತಿ ಭಯ ಬೈಕಿನದ್ದೇ.

ಇಳಿಜಾರು

ಎಲ್ಲರೂ ಕಾಫಿ, ಬಾಳೆ ಅಂದಿರಿ. ನಾನು ಮಣ್ಣಿನ ಮಾತಾಡುತ್ತೇನೆ.

ಎಲ್ಗಾನ್ ಹಳೆಯ ಜ್ವಾಲಾಮುಖಿ. ಮಣ್ಣು ಫಲವತ್ತು, ಮಳೆ ಚೆನ್ನಾಗಿದೆ, ಹಾಗಾಗಿ ಜನ ಬಹಳ. ಕಡಿದಾದ ಇಳಿಜಾರಿನ ಮೇಲೂ ಮನೆ, ಹೊಲ. 2010ರ ಮಾರ್ಚ್ 1ರಂದು ಬುಡುಡಾ ಜಿಲ್ಲೆಯ ನಮೆಟ್ಸಿಯಲ್ಲಿ ಗುಡ್ಡ ಕುಸಿದು ಊರೇ ಮಣ್ಣಿನಡಿ ಹೋಯಿತು. ನೂರಾರು ಜನ ಸತ್ತರು. ಅದಾದ ಮೇಲೂ ಆ ಭಾಗದಲ್ಲಿ ಕುಸಿತ ನಿಂತಿಲ್ಲ. ಬೇರೆ ಕಡೆಗೆ ಕಳಿಸಿದವರಲ್ಲಿ ಕೆಲವರು ವಾಪಸ್ ಬಂದರು. ಯಾಕೆ ಅಂತ ಕೇಳುವ ಮೊದಲು ಅವರ ಜಾಗದಲ್ಲಿ ನಿಂತು ನೋಡಬೇಕು. ಕಾಫಿ ಇರುವುದು ಇಲ್ಲಿ, ಹಿರಿಯರ ಸಮಾಧಿ ಇರುವುದು ಇಲ್ಲಿ.

ಇಲ್ಲಿ ಕೈಕೆಲಸಕ್ಕೆ ನಿಜವಾಗಲೂ ಬೆಲೆ ಇದೆ. ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಕಾಲುವೆ ತೋಡುವುದು, ತೋಡಿದ ಮಣ್ಣನ್ನು ಮೇಲ್ಭಾಗಕ್ಕೆ ಎಸೆದು ಬದು ಮಾಡುವುದು. ಪೂರ್ವ ಆಫ್ರಿಕಾದಲ್ಲಿ ಇದಕ್ಕೆ ಫನ್ಯಾ ಜೂ ಅನ್ನುತ್ತಾರೆ. ಬದುವಿನ ಮೇಲೆ ಹುಲ್ಲು ಹಾಕಿದರೆ ಕೆಲವು ವರ್ಷದಲ್ಲಿ ಅದೇ ಮೆಟ್ಟಿಲಾಗುತ್ತದೆ. ಮಟ್ಟ ಹಿಡಿಯಲು ಎ ಆಕಾರದ ಮರದ ಚೌಕಟ್ಟು, ನಡುವೆ ಒಂದು ದಾರ, ದಾರದ ತುದಿಗೆ ಕಲ್ಲು, ಅಷ್ಟು ಸಾಕು. ದಾರ ಅಡ್ಡಪಟ್ಟಿಯ ಗುರುತಿನ ಮೇಲೆ ನಿಂತರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಅಂತ ಅರ್ಥ. ಒಂದು ಕಾಲು ಇಟ್ಟಲ್ಲೇ ಇಟ್ಟು ಇನ್ನೊಂದನ್ನು ತಿರುಗಿಸುತ್ತಾ ಗೂಟ ಹೊಡೆಯುತ್ತಾ ಹೋಗುವುದು. ಮಟ್ಟ ತಪ್ಪಿದರೆ ಮಾತ್ರ ಅಪಾಯ, ನೀರೆಲ್ಲ ಒಂದೇ ಕಡೆ ನುಗ್ಗಿ ಕೆಳಗಿನವರ ಹೊಲ ಕೊಚ್ಚುತ್ತದೆ. ಇದು ಒಂದು ತೋಟದ ಕೆಲಸವಲ್ಲ. ಮೇಲಿನವರು, ಕೆಳಗಿನವರು ಇಬ್ಬರೂ ಒಪ್ಪಬೇಕು. ತುಂಬಾ ಕಡಿದಾದ ಕಡೆ ಕಾಲುವೆಯಲ್ಲಿ ನೀರು ನಿಂತರೆ ಕುಸಿತಕ್ಕೇ ದಾರಿ. ಅಂಥಲ್ಲಿ ತೋಡಬೇಡಿ, ಮರ ನೆಡಿ ಅನ್ನುತ್ತಾರೆ ತಿಳಿದವರು.

ಎರಡು ಹೆಕ್ಟೇರ್‌ಗಿಂತ ಸಣ್ಣ ಹಿಡುವಳಿಗಳು ಪ್ರಪಂಚದ ಒಟ್ಟು ಹಿಡುವಳಿಗಳಲ್ಲಿ ಸುಮಾರು ಶೇಕಡಾ 84. ಅವುಗಳ ಕೈಯಲ್ಲಿರುವ ಜಮೀನು ಶೇಕಡಾ 12ರಷ್ಟು, ಬೆಳೆಯುವ ಆಹಾರ ಶೇಕಡಾ 35ರಷ್ಟು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ತಜ್ಞರು 2021ರಲ್ಲಿ ಕೊಟ್ಟ ಲೆಕ್ಕ ಇದು. ಇಷ್ಟು ಕಡಿಮೆ ಮಣ್ಣಿನಲ್ಲಿ ಅಷ್ಟು ಬೆಳೆಯುವವರಿಗೆ ಒಂದು ಅಂಗುಲ ಮೇಲ್ಮಣ್ಣು ಹೋದರೂ ದೊಡ್ಡ ನಷ್ಟ. ಆದ್ದರಿಂದ ಗುದ್ದಲಿ ಹಿಡಿಯುವ ಸ್ವಯಂಸೇವಕರನ್ನು ನಾನು ಬೇಡ ಅನ್ನುವುದಿಲ್ಲ.

ಲೆಕ್ಕದಪುಸ್ತಕ

ಇಳಿಜಾರು ಅವರೇ, ಅಗೆಯುವ ಕೆಲಸಕ್ಕೂ ಅಲ್ಲಿ ಕೂಲಿಯವರು ಇದ್ದಾರೆ. ನಾವು ಬಿಟ್ಟಿ ಅಗೆದರೆ ಅವರ ಒಂದು ದಿನದ ಕೂಲಿ ಹೋಯಿತು. ನಮಗಿಂತ ಅವರು ಚೆನ್ನಾಗಿಯೂ ಅಗೆಯುತ್ತಾರೆ.

ಇಳಿಜಾರು

ಆ ಮಾತು ಸರಿ. ಕೂಲಿ ಕೊಡಲು ಸಂಘಕ್ಕೆ ದುಡ್ಡಿದ್ದರೆ ಕೂಲಿಯೇ ಕೊಡಲಿ. ನಾನು ನೋಡಿದ ಕಡೆ ಊರಿನವರೇ ವಾರಕ್ಕೊಂದು ದಿನ ಒಬ್ಬರ ಹೊಲದಲ್ಲಿ ಒಬ್ಬರು ಸರದಿಯಂತೆ ಅಗೆಯುತ್ತಿದ್ದರು. ಆ ಗುಂಪಿನಲ್ಲಿ ಒಬ್ಬರಾಗಿ ಸೇರಿಕೊಂಡರೆ ಯಾರ ಕೂಲಿಯೂ ಹೋಗುವುದಿಲ್ಲ.

ಹಾದಿಹೋಕ

ಸಂಘದ ಮ್ಯಾನೇಜರ್‌ಗೆ ನೇರವಾಗಿ ಬರೆದಿದ್ದೆ. ಅವರ ಉತ್ತರ ಬಂತು. ಬೇಸಾಯ ಕಲಿಸುವುದಾಗಲಿ ಬಣ್ಣ ಹೊಡೆಯುವುದಾಗಲಿ ಅವರು ಕೇಳಿಯೇ ಇರಲಿಲ್ಲ! ಅವರಿಗೆ ಬೇಕಾಗಿರುವುದು ತೋಟಗಳ ನಕ್ಷೆ. ಯುರೋಪಿಗೆ ಕಾಫಿ ಮಾರಬೇಕಾದರೆ ಪ್ರತಿ ತೋಟ ಎಲ್ಲಿದೆ ಅಂತ ತೋರಿಸಬೇಕಂತೆ. ಸಂಘದಲ್ಲಿ ಅದನ್ನು ಜೋಡಿಸುವವರು ಇಲ್ಲ. ಇದು ನನಗೆ ಗೊತ್ತಿರುವ ಕೆಲಸ. ಈ ನಿಯಮದ ಬಗ್ಗೆ ತಿಳಿದವರು ಇದ್ದೀರಾ?

ಕೆಂಪುಹಣ್ಣು

ಅದು ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಕಾಯ್ದೆ. ಕಾಫಿ, ಕೋಕೋ, ರಬ್ಬರ್, ತಾಳೆ, ಸೋಯಾ, ಮರ, ದನ, ಈ ಏಳು ಸರಕಿಗೆ ಅನ್ವಯ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದನ್ನು ಅಲ್ಲಿ ಮಾರುವ ಹಾಗಿಲ್ಲ. ಅದಕ್ಕೆ ಪ್ರತಿ ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು. 4 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಒಂದು ಬಿಂದು ಸಾಕು, ಜಾಸ್ತಿ ಇದ್ದರೆ ಸುತ್ತಳತೆ ಬೇಕು. ಎಲ್ಗಾನ್ ಕಡೆ ಬಹುತೇಕ ಎಲ್ಲಕ್ಕೂ ಒಂದು ಬಿಂದುವೇ ಸಾಕಾಗುತ್ತದೆ. ಜಾರಿಯ ದಿನಾಂಕ ಮುಂದಕ್ಕೆ ಹೋಗಿದೆ, ಆದರೆ ಕೊಳ್ಳುವವರು ಈಗಲೇ ಕೇಳುತ್ತಿದ್ದಾರೆ. ದೊಡ್ಡ ಎಸ್ಟೇಟಿಗೆ ಇದು ಒಂದು ದಿನದ ಕೆಲಸ. ಸಾವಿರ ಸದಸ್ಯರಿರುವ ಸಂಘಕ್ಕೆ ಸಾವಿರ ಅಂಗಳ ಹತ್ತಿ ಇಳಿಯುವ ಕೆಲಸ. ಮಾಡದಿದ್ದರೆ ಸಣ್ಣವರೇ ಮಾರುಕಟ್ಟೆಯಿಂದ ಹೊರಗೆ ಬೀಳುತ್ತಾರೆ. ಈ ಕೆಲಸಕ್ಕೆ ನೀವು ಹೋಗಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ.

ಎರಡು ಮಾತು ನೆನಪಿರಲಿ. ಎಲ್ಗಾನ್ ರಾಷ್ಟ್ರೀಯ ಉದ್ಯಾನದ ಗಡಿಯ ಬಗ್ಗೆ ಆ ಜನರಿಗೂ ಅರಣ್ಯದವರಿಗೂ ಬಹಳ ವರ್ಷದ ಜಗಳ ಇದೆ. ಕೈಯಲ್ಲಿ ಜಿಪಿಎಸ್ ಹಿಡಿದ ಅಪರಿಚಿತ ತೋಟಕ್ಕೆ ಕಾಲಿಟ್ಟರೆ ‘ಜಮೀನು ಕಿತ್ತುಕೊಳ್ಳಲು ಬಂದರು’ ಅಂತ ಅನ್ನಿಸುವುದು ಸಹಜ. ಮೊದಲು ಊರ ಸಭೆಯಲ್ಲಿ ಸಂಘದವರೇ ವಿಷಯ ತಿಳಿಸಬೇಕು. ಅಳೆಯುವ ಫೋನು ಅಲ್ಲಿನ ಯುವಕರ ಕೈಯಲ್ಲಿರಲಿ, ನಿಮ್ಮ ಕೈಯಲ್ಲಿ ಬೇಡ. ಇನ್ನು ಆ ಡೇಟಾ. ಅದು ಸಂಘದ ಹೆಸರಿನಲ್ಲಿರಬೇಕು. ಕೊಳ್ಳುವ ಕಂಪನಿಯ ಸರ್ವರ್‌ನಲ್ಲಿ ಮಾತ್ರ ಕೂತರೆ ಸಂಘ ನಾಳೆ ಬೇರೆಯವರಿಗೆ ಕಾಫಿ ಮಾರಲು ಮತ್ತೆ ಮೊದಲಿನಿಂದ ಅಳೆಯಬೇಕು. ಅಲ್ಲಿ 1954ರಲ್ಲೇ ಬುಗಿಸು ಸಹಕಾರ ಒಕ್ಕೂಟ ಹುಟ್ಟಿದೆ. ತಮ್ಮ ಕಾಫಿ ತಮ್ಮ ಹಿಡಿತದಲ್ಲಿರಬೇಕು ಅಂತ ಅಷ್ಟು ಹಿಂದೆಯೇ ಹೋರಾಡಿದ ಜನ ಅವರು. ನಕ್ಷೆ ಅವರದ್ದೇ ಆಗಿರಲಿ.

ಲೆಕ್ಕದಪುಸ್ತಕ

ಸಂಘವೇ ಕೇಳಿದ ಕೆಲಸ ಅಂದ ಮೇಲೆ ನನ್ನ ತಕರಾರು ಇಲ್ಲ. ಏಜೆನ್ಸಿಗೆ ಕೊಡಬೇಕಿದ್ದ ದುಡ್ಡಿನಲ್ಲಿ ಅಳೆಯುವ ಯುವಕರಿಗೆ ದಿನಗೂಲಿ ಕೊಡಿಸಲು ಆಗುತ್ತದಾ ನೋಡಿ. ಸಂಘದ ಮೂಲಕವೇ, ರಸೀದಿ ಸಮೇತ.

ಗಡಿದಾಟು

ಕಾಗದಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡಬೇಡಿ. ಸಂಬಳ ಇಲ್ಲದಿದ್ದರೂ ಅದು ಕೆಲಸವೇ, ಅನುಮತಿ ಬೇಕು, ಆತಿಥೇಯ ಸಂಸ್ಥೆಯೇ ಅರ್ಜಿ ಹಾಕಬೇಕು. ಏಜೆನ್ಸಿ ‘ಟೂರಿಸ್ಟ್ ಅಂತ ಹೇಳಿ, ಸಾಕು’ ಅಂದರೆ ಅದೊಂದೇ ಮಾತಿಗೆ ಅವರನ್ನು ಬಿಡಬಹುದು. ನಡುವೆ ಸರ್ಕಾರೇತರ ಸಂಸ್ಥೆ ಇದ್ದರೆ 2016ರ ಕಾಯ್ದೆಯಂತೆ ನೋಂದಣಿ, ಪರವಾನಗಿ ಇರಬೇಕು, ಕೇಳಿ ನೋಡಿ.

ಇನ್ನೊಂದು ವಿಷಯ, ಭಾರತೀಯರಾಗಿ ಹೋಗುವವರಿಗೆ. 1972ರಲ್ಲಿ ಇದಿ ಅಮೀನ್ ಏಷ್ಯಾ ಮೂಲದವರಿಗೆ 90 ದಿನ ಗಡುವು ಕೊಟ್ಟು ದೇಶದಿಂದ ಹೊರಹಾಕಿದ. ಆಮೇಲೆ ಕೆಲವರು ವಾಪಸ್ ಬಂದು ವ್ಯಾಪಾರ ಕಟ್ಟಿದರು. ಎಂಬಾಲೆಯಲ್ಲೂ ಹಳೇ ಭಾರತೀಯ ಅಂಗಡಿ ಸಾಲುಗಳು ಇವೆ. ಹಾಗಾಗಿ ನಿಮ್ಮನ್ನು ನೋಡಿದ ಕೂಡಲೇ ಕಾಫಿ ಕೊಳ್ಳಲು ಬಂದ ವ್ಯಾಪಾರಿ ಅಂದುಕೊಳ್ಳುವವರೇ ಜಾಸ್ತಿ. ಕಾಫಿ ರೇಟು ಎಷ್ಟು ಅಂತ ಕೇಳುತ್ತಾರೆ. ಕೋಪ ಮಾಡಿಕೊಳ್ಳಬೇಡಿ, ರೇಟು ಹೇಳಲೂ ಹೋಗಬೇಡಿ. ಸಂಘದವರ ಜೊತೆಗೇ ಓಡಾಡಿ, ಒಂದೆರಡು ವಾರದಲ್ಲಿ ಗುರುತು ಸಿಗುತ್ತದೆ.

ಹಾದಿಹೋಕ

ಎಲ್ಲರಿಗೂ ಮನಸಾರೆ ಧನ್ಯವಾದ. ಏಜೆನ್ಸಿಗೆ ಬೇಡ ಅಂತ ಬರೆದಾಯಿತು. ಸಂಘವೇ ಅನುಮತಿಗೆ ಅರ್ಜಿ ಹಾಕುತ್ತದೆ. ಅಳೆಯಲು ಸದಸ್ಯರ ಮನೆಯ ಹುಡುಗ ಹುಡುಗಿಯರು ಇದ್ದಾರಂತೆ, ಅವರ ದಿನಗೂಲಿಗೆ ನಾನು ಸಂಘದ ಖಾತೆಗೆ ಹಾಕುತ್ತೇನೆ. ಯಾವ ತಿಂಗಳಲ್ಲಿ ಬರಲಿ ಅಂತ ಕೇಳಿದ್ದಾರೆ. ನಾನು ಆಗಸ್ಟ್ ಅಂದುಕೊಂಡಿದ್ದೆ. ಸರಿಯಾ?

ಕೆಂಪುಹಣ್ಣು

ಸಮ ಸಂಖ್ಯೆಯ ವರ್ಷವಾದರೆ ಆಗಸ್ಟ್ ಬೇಡ. ಎಂಬಾಲೆ ಸುತ್ತಲಿನ ಬುಗಿಸು ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ, ಸಮ ವರ್ಷಗಳಲ್ಲಿ, ಹುಡುಗರನ್ನು ಗಂಡಸರ ಸಾಲಿಗೆ ಸೇರಿಸುವ ಇಂಬಾಲು ದೀಕ್ಷೆ ನಡೆಯುತ್ತದೆ. ಆಗಸ್ಟ್‌ನಲ್ಲಿ ಶುರುವಾದರೆ ಊರಿಗೆ ಊರೇ ಅದರಲ್ಲಿ. ಸಭೆ ಕರೆದರೆ ಯಾರೂ ಸಿಗುವುದಿಲ್ಲ. ಕುಯ್ಲು ಬಿರುಸಾದ ಮೇಲೂ ಅಳತೆಗೆ ಯಾರಿಗೂ ಪುರುಸೊತ್ತಿಲ್ಲ. ಕುಯ್ಲು ಇಳಿಮುಖವಾಗುವ ಹೊತ್ತಿಗೆ, ಡಿಸೆಂಬರ್ ಕೊನೆಯಿಂದ ಫೆಬ್ರವರಿ ತನಕ ಒಣಗಾಲ, ದಾರಿಯೂ ಚೆನ್ನಾಗಿರುತ್ತದೆ. ನಡೆದು ಅಳೆಯಲು ಅದೇ ಹೊತ್ತು. ಕ್ರಿಸ್‌ಮಸ್ ವಾರ ಬಿಟ್ಟು ಜನವರಿ ಮೊದಲಲ್ಲಿ ಇಳಿಯಿರಿ.

ಮ್ಯಾನೇಜರ್‌ಗೆ ಇನ್ನೂ ಒಂದು ಪ್ರಶ್ನೆ ಕೇಳಿ: ತೋಟ ಗಂಡನ ಹೆಸರಿನಲ್ಲಿದ್ದು ಕಾಫಿ ಬಿಡಿಸಿ ಒಣಗಿಸುವುದು ಹೆಂಡತಿ ಆದರೆ, ಸದಸ್ಯರ ಪಟ್ಟಿಯಲ್ಲಿ ಯಾರ ಹೆಸರು ಹಾಕುತ್ತೀರಿ ಅಂತ. ದುಡ್ಡು ಯಾರ ಮೊಬೈಲ್‌ಗೆ ಹೋಗುತ್ತದೆ ಅನ್ನುವುದು ಅದರ ಮೇಲೆ ನಿಂತಿದೆ. ನಿಮ್ಮ ಫಾರ್ಮಿನಲ್ಲಿ ಇಬ್ಬರ ಹೆಸರಿಗೂ ಜಾಗ ಇಡಿ.

ಬಾಳೆಕಂದು

ಫಾರ್ಮಿನಲ್ಲಿ ಬಾಳೆ ಸೊರಗು ಇದೆಯಾ ಅಂತ ಒಂದು ಖಾನೆ ಇಡಲು ಆಗುತ್ತದಾ? ಹೇಗೂ ಪ್ರತಿ ಅಂಗಳಕ್ಕೆ ಹೋಗುತ್ತೀರಿ. ಸಂಘ ಒಪ್ಪಿದರೆ ಮಾತ್ರ. ಆ ಪಟ್ಟಿ ಜಿಲ್ಲೆಯ ಕೃಷಿ ಅಧಿಕಾರಿಗೆ ಸಿಕ್ಕರೆ ಅವರ ಪೆಟ್ರೋಲ್ ಎಲ್ಲಿಗೆ ಮೊದಲು ಖರ್ಚಾಗಬೇಕು ಅಂತ ಗೊತ್ತಾಗುತ್ತದೆ. ಖಾನೆಗೆ ಹೌದು, ಇಲ್ಲ, ಗೊತ್ತಿಲ್ಲ ಅಂತ ಮೂರೇ ಆಯ್ಕೆ ಸಾಕು. ಗುರುತಿಸುವುದು ಹೇಗೆ ಅಂತ ಅಳೆಯುವ ಹುಡುಗರಿಗೆ ನಾನು ಚಿತ್ರ ಸಮೇತ ಒಂದು ಪುಟ ಬರೆದು ಕೊಡುತ್ತೇನೆ, ಅಲ್ಲಿನ ಲುಮಾಸಾಬಾ ಭಾಷೆಗೆ ಅವರೇ ಮಾಡಿಕೊಳ್ಳಲಿ.

ಹಾದಿಹೋಕ

ಖಂಡಿತ ಸರ್. ಎರಡೂ ವಿಷಯ ಇವತ್ತೇ ಮ್ಯಾನೇಜರ್‌ಗೆ ಬರೆಯುತ್ತೇನೆ. ಪುಟ ಕಳಿಸಿ, ಜನವರಿಗೆ ಟಿಕೆಟ್ ನೋಡುತ್ತಿದ್ದೇನೆ.